ಟ್ರಕ್ಕಿನಲ್ಲಿ ಬಂದ ಓಬೋ

ಬೆಳಿಗ್ಗೆ ಆರೂವರೆಗೆ ಹೋಟೆಲಿನ ಹಿಂಬಾಗಿಲಿಗೆ ಬಂದು ನಿಂತದ್ದು ನಮ್ಮ ಬಸ್ಸಲ್ಲ. ಹನ್ನೆರಡು ದಿನ ನಮ್ಮನ್ನು ಹೊತ್ತು ತಿರುಗಿದ ದೊಡ್ಡ ಬಸ್ಸು ಹಿಂದಿನ ಸಂಜೆಯೇ ಹೊಗೆ ಕಾರಿ ಮಲಗಿತ್ತು. ಬಂದದ್ದು ಯಾವುದೋ ಕಾರ್ಖಾನೆಯ ಆಳುಗಳನ್ನು ಸಾಗಿಸುವ ಹಳೆಯ ಗಾಡಿ. ಸೀಟುಗಳೇನೋ ತಲೆಗೊಂದರಂತೆ ಇದ್ದವು. ಆದರೆ ಮೊಣಕಾಲು ಇಡಲು ಜಾಗವಿರಲಿಲ್ಲ, ತಲೆಯ ಮೇಲೆ ಸಾಮಾನಿಡುವ ಅಟ್ಟಣಿಗೆ ಇರಲಿಲ್ಲ, ಹೀಟರ್ ಇರಬೇಕಾದಲ್ಲಿ ನಾಲ್ಕು ತೂತುಗಳಿದ್ದವು.

ನಮ್ಮ ವಾದ್ಯವೃಂದದ ಪ್ರವಾಸ ನೋಡಿಕೊಳ್ಳುವವನು ಬಾಗಿಲಲ್ಲಿ ಅಡ್ಡ ನಿಂತಿದ್ದ. ಅವನಿಗೆ ನಾವಿಟ್ಟ ಹೆಸರು ಗಡಿಯಾರ. ಅವನಿಗೆ ಸಂಗೀತದ ಗಂಧಗಾಳಿ ಇಲ್ಲ. ಯಾವ ತುಣುಕು ಎಷ್ಟು ನಿಮಿಷ ಅನ್ನುವುದು ಮಾತ್ರ ಬಾಯಿಪಾಠ.

"ವಾದ್ಯ ಎಲ್ಲಾ ಟ್ರಕ್ಕಿಗೆ," ಅಂದ. "ಎಲ್ಲಾ ಅಂದ್ರೆ ಎಲ್ಲಾ. ಕೈಲಿ ಹಿಡ್ಕೊಂಡು ಹತ್ತೋ ಹಾಗಿಲ್ಲ. ದಾರೀಲಿ ಕಾಲಿಡೋಕೆ ಜಾಗ ಬೇಕು."

ಕ್ಲಾರಿನೆಟ್ ಊದುವ ಗಡ್ಡ ನನ್ನ ಮುಂದಿದ್ದ. ಐವತ್ತು ದಾಟಿದ, ಬೆಕ್ಕಿನಂಥ ಮೆತ್ತಗಿನ ಮನುಷ್ಯ. ಯಾರಾದರೂ ಅವನ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಜಾತಿ. ಆ ಗಡ್ಡ ಕೂಡ ಬಾಯಿ ಬಿಟ್ಟ. "ಸಾರ್, ಆ ಟ್ರಕ್ಕು ತಗಡಿನ ಡಬ್ಬ. ಒಳಗೆ ನೀರಿಟ್ಟರೆ ಗಡ್ಡೆ ಕಟ್ಟುತ್ತೆ. ಇದು ಮರದ ವಾದ್ಯ ಸಾರ್."

"ಮರ ಕಾಡಲ್ಲಿ ಚಳೀಲೇ ಬೆಳೆಯಲ್ವೇನ್ರಿ?" ಅಂದ ಗಡಿಯಾರ. "ಅದಕ್ಕೆ ಯಾರು ಸ್ವೆಟರ್ ಹಾಕ್ತಾರೆ? ಆರು ಮೂವತ್ತೆಂಟು. ನಡೀರಿ, ನಡೀರಿ."

ಕೆಲವರು ನಕ್ಕರು. ನಗದೆ ಇನ್ನೇನು ಮಾಡುತ್ತಾರೆ. ಹನ್ನೆರಡು ದಿನದಲ್ಲಿ ಹತ್ತು ಊರು. ಕೋಣೆಗೆ ಮೂರು ಜನ. ಕಿಟಕಿ ತೆರೆಯದ ಹೋಟೆಲು. ಅಭ್ಯಾಸ ಮಾಡಿದರೆ ಪಕ್ಕದ ಕೋಣೆಯವರು ಗೋಡೆ ಗುದ್ದುತ್ತಾರೆ, ಮಾಡದಿದ್ದರೆ ವೇದಿಕೆಯ ಮೇಲೆ ಮಾನ ಹೋಗುತ್ತದೆ. ಜನರು ನಮ್ಮನ್ನು ನೋಡುವುದು ಕರಿಕೋಟು ಹಾಕಿ ದೀಪದ ಕೆಳಗೆ ಕೂತಾಗ ಮಾತ್ರ. ಆ ಕೋಟನ್ನು ನಾವು ಎಂಥೆಂಥ ಕಕ್ಕಸಿನಲ್ಲಿ ಒಂಟಿಕಾಲಲ್ಲಿ ನಿಂತು ಹಾಕಿಕೊಂಡಿರುತ್ತೇವೆ ಅಂತ ಅವರಿಗೆ ಯಾಕೆ ಗೊತ್ತಾಗಬೇಕು.

ನಾನು ಓಬೋ ಊದುವವನು. ಮೊಳದುದ್ದದ ಕರಿಮರದ ಕೊಳವೆ, ಮೂರು ತುಂಡು ಸೇರಿಸಿ ಮಾಡಿದ್ದು, ತುದಿಯಲ್ಲಿ ಜೊಂಡಿನ ಎರಡು ಸೀಳುಗಳನ್ನು ಒಟ್ಟಿಗೆ ಕಟ್ಟಿದ ರೀಡು. ತಣ್ಣಗಿರುವಾಗ ಅದನ್ನು ಊದಬಾರದು. ಇದು ಓಬೋ ಹಿಡಿದ ಮೊದಲ ದಿನವೇ ಕಲಿಸುವ ಮಾತು. ಬಾಯಿಯ ಬಿಸಿಯುಸಿರು ಒಳಗೆ ಹೋದರೆ ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ನಡುವೆ ಸಿಕ್ಕ ಮರ ಉದ್ದಕ್ಕೆ ಸೀಳುತ್ತದೆ. ಅದಕ್ಕೇ ಚಳಿಯೂರುಗಳಲ್ಲಿ ನಾವು ಅದನ್ನು ಕೋಟಿನೊಳಗೆ, ಕೈಕೂಸಿನ ಹಾಗೆ, ಎದೆಗೆ ಒತ್ತಿಕೊಂಡೇ ಪ್ರಯಾಣ ಮಾಡುವುದು.

ನನ್ನದು ಮಾವನ ಓಬೋ. ಅಮ್ಮನ ತಮ್ಮ. ಇಪ್ಪತ್ತೆರಡು ವರ್ಷ ಹಡಗಿನ ಬ್ಯಾಂಡಿನಲ್ಲಿ ಊದಿ, ಕೊನೆಗೆ ಶ್ವಾಸಕೋಶ ಕೈಕೊಟ್ಟು ಮನೆ ಸೇರಿದವನು. ಒಂಬತ್ತನೇ ತರಗತಿಯಲ್ಲಿ ನಾನು ಮೇಷ್ಟರ ಜೊತೆ ಕೈಕೈ ಮಿಲಾಯಿಸಿ, ಶಾಲೆ ಬಿಟ್ಟು ಮನೆಗೆ ಬಂದ ದಿನ ಅಮ್ಮ ಅತ್ತಳು, ಮಾವ ಮಾತ್ರ ಡಬ್ಬಿ ತೆರೆದು, "ಬಾ ಅಳಿಯ, ಬಾಯಿ ಜೋರಿದೆಯಂತಲ್ಲ, ಇದರೊಳಗೆ ಹಾಕು," ಅಂದಿದ್ದ. ಅದರ ಮೇಲಿನ ತುಂಡಿನಲ್ಲಿ ಹಳೆಯದೊಂದು ಬಿರುಕು, ಮೂರು ಪಿನ್ನು ಹೊಡೆದು ಮುಚ್ಚಿದ್ದು. ಇನ್ನೊಂದು ಸಲ ಬಿರುಕು ಬಿಟ್ಟರೆ ಆ ಓಬೋ ಒಲೆಗೆ. ನನ್ನ ಹತ್ತಿರ ಬೇರೆ ಇಲ್ಲ.

ಹಾಗಿದ್ದೂ ಟ್ರಕ್ಕಿಗೆ ಕೊಟ್ಟೆ. ಯಾಕೆಂದರೆ ನಾನು ಆರು ತಿಂಗಳ ಪರೀಕ್ಷೆಯ ಮೇಲಿದ್ದೆ. ಎರಡನೇ ಓಬೋ ಕುರ್ಚಿ. ಪ್ರವಾಸದ ಕೊನೆಯ ಕಛೇರಿ ಮುಗಿದ ಮೇಲೆ ಗಡಿಯಾರ, ನಿರ್ದೇಶಕರು, ಮೊದಲ ಓಬೋ ಮೂವರೂ ಸೇರಿ ನನ್ನನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಬರೆಯಬೇಕಿತ್ತು. ಆ ಕೊನೆಯ ಕಛೇರಿ ಅವತ್ತು ಮಧ್ಯಾಹ್ನ ಮೂರಕ್ಕೆ. ಆರು ತಿಂಗಳಲ್ಲಿ ನಾನು ಏಳು ಸಲ ಜಗಳವಾಡಿದ್ದೆ, ಆ ಏಳರಲ್ಲಿ ಮೂರು ಜಗಳ ಗಡಿಯಾರನ ಜೊತೆ. ಇವತ್ತೊಂದು ದಿನ ಹಲ್ಲು ಕಚ್ಚಿಕೊಂಡಿರು ಅಂತ ನನಗೆ ನಾನೇ ಹೇಳಿಕೊಂಡು ಡಬ್ಬಿಯನ್ನು ಟ್ರಕ್ಕಿನವನ ಕೈಗೆ ಕೊಟ್ಟೆ. ಅವನು ಅದನ್ನು ಡೋಲುಗಳ ಮೇಲೆ ಎಸೆದ.

ಆರು ಗಂಟೆ ಪ್ರಯಾಣ. ನನ್ನ ಪಕ್ಕ ದೊಡ್ಡಕ್ಕ ಕೂತಿದ್ದಳು. ಮೊದಲ ಓಬೋ ಅವಳೇ. ಇಡೀ ತಂಡಕ್ಕೆ ಅವಳು ದೊಡ್ಡಕ್ಕ, ನಿರ್ದೇಶಕರಿಗೂ. ಪ್ರೀತಿಯಿಂದ ಬಂದ ಹೆಸರಲ್ಲ ಅದು, ಭಯದಿಂದ ಬಂದದ್ದು. ನನ್ನನ್ನು ಅವಳು ಮೆಣಸಿನಕಾಯಿ ಅನ್ನುತ್ತಿದ್ದಳು. ಆರು ತಿಂಗಳಲ್ಲಿ ಅವಳ ಬಾಯಿಂದ ನನ್ನ ಬಗ್ಗೆ ಬಂದ ಒಳ್ಳೆಯ ಮಾತೆಂದರೆ, "ಇವತ್ತು ಸ್ನಾನ ಮಾಡಿದ್ದೀಯಾ, ಸದ್ಯ."

ದಾರಿಯುದ್ದಕ್ಕೂ ಅವಳು ಕೋಟಿನ ಗುಂಡಿ ಹಾಕಿ, ಎರಡೂ ಕೈ ಎದೆಯ ಮೇಲಿಟ್ಟು ನಿದ್ದೆ ಮಾಡಿದಳು. ಕಿಟಕಿಯ ಗಾಜಿನ ಒಳಬದಿಗೇ ಹಿಮ ಕಟ್ಟಿತ್ತು. ನಾನು ಉಗುರಿನಿಂದ ಅದನ್ನು ಕೆರೆಯುತ್ತ, ಹಿಂದೆಲ್ಲೋ ಬರುತ್ತಿದ್ದ ಆ ತಗಡಿನ ಡಬ್ಬವನ್ನೇ ಯೋಚಿಸುತ್ತ ಕೂತೆ.

ಒಂದು ಗಂಟೆಗೆ ಸಭಾಂಗಣ ಮುಟ್ಟಿದೆವು. ಟ್ರಕ್ಕು ಬಂದಿರಲಿಲ್ಲ. ಎರಡು ಗಂಟೆಗೂ ಇಲ್ಲ. ರಸ್ತೆ ಹಿಮಗಟ್ಟಿ ಘಾಟಿಯಲ್ಲಿ ಸಾಲು ನಿಂತಿದೆಯಂತೆ. ಬಾಯ್ಲರನ್ನು ಅಲ್ಲಿಯವರು ಆಗಷ್ಟೇ ಹಚ್ಚಿದ್ದರು. ವೇದಿಕೆಯ ಮೇಲೆ ನಿಂತು ಉಸಿರು ಬಿಟ್ಟರೆ ಹೊಗೆ. ಐವತ್ತು ಜನಕ್ಕೆ ಬಟ್ಟೆ ಬದಲಿಸಲು ಒಂದು ಉಗ್ರಾಣ, ಅರ್ಧ ಉಗ್ರಾಣದಲ್ಲಿ ಮುರಿದ ಕುರ್ಚಿಗಳು. ಹೆಂಗಸರು ಮೊದಲು, ಗಂಡಸರು ಆಮೇಲೆ ಅಂತ ಸರದಿ. ಅಲ್ಲಿಯವರೆಗೆ ನಾವು ಕಾರಿಡಾರಿನಲ್ಲಿ ಕುಣಿದು ಮೈ ಬಿಸಿ ಮಾಡಿಕೊಂಡೆವು.

ಟ್ರಕ್ಕು ಬಂದದ್ದು ಎರಡು ಮೂವತ್ತೈದಕ್ಕೆ.

ನನ್ನ ಡಬ್ಬಿಯ ಬೀಗ ಕೈಗೆ ಅಂಟಿಕೊಂಡಿತು. ತೆರೆದು ಮೇಲಿನ ತುಂಡನ್ನು ಹಿಡಿದೆ. ಕಬ್ಬಿಣದ ಸರಳು ಹಿಡಿದ ಹಾಗಾಯಿತು. ಆ ಮೂರು ಪಿನ್ನುಗಳ ಸುತ್ತ ತೆಳ್ಳಗೆ ಹಿಮದ ಬಿಳಿ ಪುಡಿ ಕೂತಿತ್ತು. ಊದುವ ಹದಕ್ಕೆ ಬರಲು ಏನಿಲ್ಲವೆಂದರೂ ಒಂದು ಗಂಟೆ ಬೇಕು. ಬೇಗ ಮಾಡೋಣ ಅಂತ ಹೀಟರಿನ ಮೇಲಿಟ್ಟರೂ ಒಡೆಯುತ್ತದೆ. ಮೈಶಾಖಕ್ಕೇ ನಿಧಾನಕ್ಕೆ ಬರಬೇಕು. ಮೇಲಿನ ತುಂಡನ್ನು ಅಂಗಿಯೊಳಗೆ ಕಂಕುಳಿಗೆ ಸಿಕ್ಕಿಸಿಕೊಂಡೆ. ಉಸಿರು ಸಿಕ್ಕಿಕೊಂಡಂತಾಯಿತು.

"ಸಾರ್," ಅಂತ ಗಡಿಯಾರನ ಎದುರು ನಿಂತೆ. "ಮುಕ್ಕಾಲು ಗಂಟೆ ತಡ ಮಾಡಿ. ಮರದ ವಾದ್ಯ ಒಂದೂ ಊದೋ ಸ್ಥಿತೀಲಿಲ್ಲ."

"ರೇಡಿಯೋದಲ್ಲಿ ನೇರ ಪ್ರಸಾರ ಇದೆ. ಮೂರಕ್ಕೆ ಕೆಂಪು ದೀಪ. ನಿಮ್ಮ ಕಟ್ಟಿಗೆಗೋಸ್ಕರ ಇಡೀ ದೇಶ ಕಾಯಬೇಕಾ?"

"ಹಾಗಾದ್ರೆ ನಾನು ಊದಲ್ಲ."

ಗಡಿಯಾರ ನಿಧಾನಕ್ಕೆ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಊಟದ ತಟ್ಟೆ ಎದುರಿಗೆ ಬಂದವನ ಸಮಾಧಾನ ಇತ್ತು.

"ಇನ್ನೊಂದ್ಸಲ ಹೇಳಪ್ಪ."

"ನೀವು ಟ್ರಕ್ಕಿಗೆ ಹಾಕಿಸಿದ್ದು. ಬೆಳಿಗ್ಗೆ ಹೇಳಿದ್ವಿ. ಒಡೆದ್ರೆ ಯಾರು ಜವಾಬ್ದಾರಿ? ಬರೆದು ಕೊಡಿ, ಈಗಲೇ ಊದ್ತೀನಿ."

"ನಾನು ಬರೆದು ಕೊಡೋದು ಇವತ್ತು ಒಂದೇ ಕಾಗದ," ಅಂದ. "ಅದರಲ್ಲಿ ನಿನ್ನ ಹೆಸರಿದೆ. ಏನು ಬರೀಬೇಕು ಅಂತ ನೀನೇ ಹೇಳು. ಎರಡು ನಲವತ್ತೊಂದು."

ನಾನು ಸುತ್ತ ನೋಡಿದೆ. ಹನ್ನೆರಡು ದಿನದಿಂದ ಬಸ್ಸಿನ ಹಿಂದಿನ ಸೀಟುಗಳಲ್ಲಿ ಗಡಿಯಾರನ ಏಳು ತಲೆಮಾರು ಜಾಲಾಡಿದ ಶೂರರೆಲ್ಲ ಅಲ್ಲೇ ಇದ್ದರು. ಒಬ್ಬ ಶೂ ಲೇಸು ಕಟ್ಟುತ್ತಿದ್ದ. ಇನ್ನೊಬ್ಬಳು ಪಿಟೀಲಿನ ಕಮಾನಿಗೆ ರಾಳ ತಿಕ್ಕುತ್ತಿದ್ದಳು, ತಿಕ್ಕಿದ್ದನ್ನೇ ತಿಕ್ಕುತ್ತಿದ್ದಳು. ಗಡ್ಡ ತನ್ನ ಕ್ಲಾರಿನೆಟ್ಟಿನ ತುಂಡನ್ನು ಎರಡೂ ಅಂಗೈ ನಡುವೆ ಉಜ್ಜುತ್ತ ನೆಲ ನೋಡುತ್ತಿದ್ದ. ಒಬ್ಬರೇ ಒಬ್ಬರೂ, ಹೌದು ಅವನು ಹೇಳೋದು ಸರಿ ಅನ್ನಲಿಲ್ಲ.

ಆಗ ದೊಡ್ಡಕ್ಕ ಗುಂಪಿನಿಂದ ಮುಂದೆ ಬಂದಳು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಒಳಗಿನಿಂದ ತನ್ನ ಓಬೋದ ಮೂರು ತುಂಡುಗಳನ್ನೂ ತೆಗೆದು, ಎಲ್ಲರೆದುರು ಜೋಡಿಸಿದಳು. ಬೆಚ್ಚಗಿದ್ದ ಮರ ಹೊಳೆಯುತ್ತಿತ್ತು.

"ಶ್ರುತಿ ನಾನು ಕೊಡ್ತೀನಿ," ಅಂದಳು. "ಮೂರಕ್ಕೆ ಶುರು ಮಾಡಿ."

ಅಲ್ಲಿಗೆ ಮುಗಿಯಿತು. ವಾದ್ಯವೃಂದವೆಲ್ಲ ಶ್ರುತಿ ಸೇರಿಸುವುದು ಓಬೋದ ಒಂದು ಸ್ವರಕ್ಕೆ. ಓಬೋ ಬಾಯಿ ಬಿಡದಿದ್ದರೆ ಐವತ್ತು ಜನ ಸುಮ್ಮನೆ ಕೂರಬೇಕು. ನನ್ನ ಕೈಯಲ್ಲಿದ್ದ ಏಕೈಕ ಬಲ ಅದು, ಅವಳೂ ನನ್ನ ಹಾಗೆ ಊದಲ್ಲ ಅಂದಿದ್ದರೆ. ಅವಳು ಅದನ್ನು ಒಂದೇ ಮಾತಿನಲ್ಲಿ ಗಡಿಯಾರನ ಜೇಬಿಗೆ ಹಾಕಿದಳು.

"ಡಬ್ಬಿ ಮಾತ್ರ ಟ್ರಕ್ಕಿಗೆ ಹಾಕಿದ್ರಾ?" ಅಂದೆ. "ಖಾಲಿ ಡಬ್ಬಿ? ಆರು ಗಂಟೆ ನನ್ನ ಪಕ್ಕ ಕೂತಿದ್ರಿ. ನನಗೆ ಒಂದು ಮಾತು ಹೇಳಬಹುದಿತ್ತಲ್ಲ ದೊಡ್ಡಕ್ಕ?"

"ಯಾಕೆ? ನಾನೇನು ನಿನ್ನ ಆಯಾನಾ? ನನಗೆ ಯಾರು ಹೇಳಿಕೊಟ್ರು? ನಿಂದು ಮೇಲೆ ಬಾಯಿ ಜೋರು, ಕೆಳಗೆ ಮಂಡಿ ಮೆತ್ತಗೆ. ಕೊಡು ಅಂದ ತಕ್ಷಣ ಕೊಟ್ಟೆ. ಈಗ ಬಂದು ಕೂಗಾಡ್ತಿದ್ದೀಯ."

ಅವಳ ಕೈಯಲ್ಲಿದ್ದ ಓಬೋವನ್ನು ಕಿತ್ತು ಗೋಡೆಗೆ ಬಡಿಯಬೇಕು ಅನ್ನಿಸಿದ್ದು ಸುಳ್ಳಲ್ಲ.

ಮೂರಕ್ಕೆ ಕೆಂಪು ದೀಪ ಹತ್ತಿತು. ಅವಳು ಶ್ರುತಿ ಕೊಟ್ಟಳು. ಎಲ್ಲರೂ ಸೇರಿಸಿಕೊಂಡರು. ನಾನು ನನ್ನ ಕುರ್ಚಿಯಲ್ಲಿ ಕೂತು ಮೂರು ತುಂಡು ಜೋಡಿಸಿ, ರೀಡನ್ನು ತುಟಿಗಳ ನಡುವೆ ಇಟ್ಟುಕೊಂಡು, ಮೂಗಿನಿಂದ ಉಸಿರಾಡಿದೆ. ನಿರ್ದೇಶಕರು ಬಂದರು, ಚಪ್ಪಾಳೆ. ಸಣ್ಣ ಕೋಲು ಬೀಸಿ ವಾದ್ಯವೃಂದ ನಡೆಸುವ ಅವರನ್ನು ನಾವು ಕೋಲುಸಾಹೇಬರು ಅನ್ನುತ್ತೇವೆ. ಪ್ರವಾಸದಲ್ಲಿ ಅವರದು ಬೇರೆ ಹೋಟೆಲು, ಬೇರೆ ಕಾರು; ದೊಡ್ಡ ಬಸ್ಸು ಕೆಟ್ಟ ಗಲಾಟೆಯಲ್ಲಿ ಅವರ ಕಾರೂ ಯಾವುದೋ ಕೆಲಸಕ್ಕೆ ಹೋಗಿ ಅವತ್ತು ಮಾತ್ರ ನಮ್ಮ ಜೊತೆ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ, ಕಂಬಳಿ ಹೊದ್ದು ಬಂದಿದ್ದರು.

ಕೋಲು ಇಳಿಯಿತು. ಸಂಗೀತ ಶುರುವಾಯಿತು. ನಾನು ಊದಲಿಲ್ಲ.

ಬೆರಳುಗಳನ್ನು ಆಡಿಸಿದೆ. ಕೆನ್ನೆ ಉಬ್ಬಿಸಿದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಭುಜ ಏರಿಸಿದೆ. ಎರಡನೇ ಓಬೋದ ಕೆಲಸವೇ ಮೊದಲನೆಯದರ ಕೆಳಗೆ ನೆರಳಿನ ಹಾಗೆ ಇರುವುದು. ನೆರಳಿಲ್ಲ ಅಂತ ಯಾರು ಎದ್ದು ಕೇಳುತ್ತಾರೆ? ಕೋಲುಸಾಹೇಬರು ಒಂದು ಸಲ ನನ್ನ ಕಡೆ ನೋಡಿ ಎಡಗೈಯನ್ನು ಕೆಳಗೆ ಒತ್ತಿದರು: ಇನ್ನೂ ಮೆಲ್ಲಗೆ. ನಾನು ಇನ್ನೂ ಮೆಲ್ಲಗೆ ಊದದೆ ಇದ್ದೆ. ಅವರು ಮೆಚ್ಚಿ ತಲೆಯಾಡಿಸಿದರು.

ಆರೋ ಏಳೋ ನಿಮಿಷವಾಗಿತ್ತು. ನನ್ನ ಹಿಂದಿನ ಸಾಲಿನಲ್ಲಿ ಟಿಕ್ ಅಂತ ಸದ್ದಾಯಿತು. ಉಗುರು ಮುರಿದಷ್ಟು ಸಣ್ಣದು. ಮರದ ವಾದ್ಯ ಊದುವವರ ಬೆನ್ನುಗಳೆಲ್ಲ ಒಟ್ಟಿಗೆ ಸೆಟೆದವು. ತಿರುಗಿ ನೋಡಬೇಕಾಗಿರಲಿಲ್ಲ. ಗಡ್ಡನ ಕ್ಲಾರಿನೆಟ್ಟಿನ ಸ್ವರದ ಅಂಚಿನಲ್ಲಿ ಗಾಳಿ ಸೋರುತ್ತಿತ್ತು. ಅವನು ನಿಲ್ಲಿಸಲಿಲ್ಲ. ನಿಲ್ಲಿಸುವುದು ಅವನಿಗೆ ಗೊತ್ತೇ ಇಲ್ಲ.

ಎರಡನೇ ತುಣುಕಿನ ನಿಧಾನದ ಭಾಗದಲ್ಲಿ ಒಂದು ಜಾಗ ಇದೆ. ಎಲ್ಲ ವಾದ್ಯಗಳೂ ನಿಲ್ಲುತ್ತವೆ, ಮೊದಲ ಓಬೋ ಕೂಡ. ಕೆಳಗೆ ತಂತಿವಾದ್ಯಗಳು ಮಾತ್ರ ಒಂದು ಸ್ವರ ಹಿಡಿದು ನಿಂತಿರುತ್ತವೆ. ಅದರ ಮೇಲೆ ಎರಡನೇ ಓಬೋ ಒಂದೇ ಒಂದು ಸಾಲು ಊದಬೇಕು. ಅರ್ಧ ನಿಮಿಷ. ಇಡೀ ಕಛೇರಿಯಲ್ಲಿ ನನ್ನದು ಅಂತ ಇರುವುದು ಅಷ್ಟೇ. ನನ್ನನ್ನು ಅಳೆಯುವುದೂ ಅಲ್ಲೇ, ಅದನ್ನು ಕೋಲುಸಾಹೇಬರೇ ಹೇಳಿದ್ದರು.

ಆ ಹೊತ್ತಿಗೆ ಕಛೇರಿ ಶುರುವಾಗಿ ಇಪ್ಪತ್ತೈದು ನಿಮಿಷವಾಗಿತ್ತು. ಮರ ಮುಟ್ಟಿದರೆ ಇನ್ನೂ ತಣ್ಣಗೆ. ಒಡೆಯಬಹುದು, ಒಡೆಯದೆಯೂ ಇರಬಹುದು. ಊದಿ ಒಡೆದರೆ ಕುರ್ಚಿ ಸಿಕ್ಕರೂ ಊದಲು ಓಬೋ ಇಲ್ಲ. ಊದದಿದ್ದರೆ ರೇಡಿಯೋದಲ್ಲಿ ಅರ್ಧ ನಿಮಿಷ ಬರೀ ತಂತಿಯ ಗುಂಯ್‌ಗುಡುವಿಕೆ, ನನ್ನ ಕಥೆ ಅಲ್ಲಿಗೆ. ಕೋಲುಸಾಹೇಬರು ಆಗಲೇ ನನ್ನ ಕಡೆ ತಿರುಗಿದ್ದರು. ಹಾಳಾಗಿ ಹೋಗಲಿ ಅಂದುಕೊಂಡೆ. ಮಾವ ಬೈದರೆ ಬೈಯಲಿ. ಹೊಟ್ಟೆ ತುಂಬ ಉಸಿರು ಎಳೆದುಕೊಂಡೆ.

ಸಾಲು ಶುರುವಾಯಿತು. ನಾನಲ್ಲ.

ದೊಡ್ಡಕ್ಕ ಮೊಣಕಾಲನ್ನು ನನ್ನ ಕಡೆ ತಿರುಗಿಸಿ, ತನ್ನ ಓಬೋದ ಬಾಯಿಯನ್ನು ನನ್ನ ಹೊಟ್ಟೆಯ ಹತ್ತಿರ ತಂದು, ಹಾಳೆ ಇಡುವ ಸ್ಟ್ಯಾಂಡಿನ ಮರೆಗೆ ತಲೆ ತಗ್ಗಿಸಿ ಊದುತ್ತಿದ್ದಳು. ಅವಳ ಎದುರಿನ ಹಾಳೆಯಲ್ಲಿ ಆ ಸಾಲು ಇಲ್ಲ. ಅವಳಿಗೆ ಬೇಕಾಗಿಯೂ ಇರಲಿಲ್ಲ. ಮೊದಲ ಓಬೋದ ಕುರ್ಚಿ ಸಿಗುವ ಮುನ್ನ ನನ್ನ ಕುರ್ಚಿಯಲ್ಲಿ ಒಂಬತ್ತು ವರ್ಷ ಕೂತವಳು. ನಾನು ತುಂಬಿಕೊಂಡ ಉಸಿರನ್ನು ಒಳಗೇ ಹಿಡಿದು, ಅವಳ ಸ್ವರಕ್ಕೆ ನನ್ನ ಬೆರಳು ಆಡಿಸಿದೆ. ಅಷ್ಟು ಚೆನ್ನಾಗಿತ್ತು ಅದು. ನನಗೆ ಕಣ್ಣು ಕತ್ತಲೆ ಬಂತು. ಉಸಿರು ಕಟ್ಟಿದ್ದಕ್ಕೋ ಅವಮಾನಕ್ಕೋ ಗೊತ್ತಾಗಲಿಲ್ಲ.

ವಿರಾಮದಲ್ಲಿ ಫೋನು. ಅಮ್ಮನ ನಂಬರು, ದನಿ ಮಾವನದು. ಅವನು ಮಾತಾಡುವಾಗ ಎರಡು ಪದಕ್ಕೊಂದು ಸಲ ಗಾಳಿ ಎಳೆಯುತ್ತಾನೆ.

"ಅಳಿಯ. ಎಲ್ಲಿ ಸತ್ತಿದ್ದೀಯ?"

"ಇಲ್ಲೇ ಇದ್ದೀನಿ ಮಾವ."

"ರೇಡಿಯೋದಲ್ಲಿ ಇಲ್ಲ. ಒಂದೇ ಓಬೋ ಕೇಳ್ತಿದೆ. ಆ ಸಾಲು ಚೆನ್ನಾಗಿತ್ತು. ನಿಂದಲ್ಲ ಅದು."

ಟ್ರಕ್ಕಿನ ವಿಷಯ, ಬರೀ ಬೆರಳಾಡಿಸಿದ ವಿಷಯ ಎರಡೂ ಹೇಳಿದೆ.

"ಊದದೆ ಇದ್ದದ್ದು ಸರಿ," ಅಂದ. "ಊದಿದ ಹಾಗೆ ನಟಿಸಿದ್ಯಲ್ಲ, ಅದಕ್ಕೆ ನಿನ್ನ ಕೆನ್ನೆಗೆ ಬಾರಿಸಬೇಕು. ಓಬೋ ಮಡಿಲಲ್ಲಿಟ್ಟು ಸುಮ್ಮನೆ ಕೂರಬೇಕಿತ್ತು. ಎಲ್ಲರಿಗೂ ಕಾಣೋ ಹಾಗೆ."

ಫೋನಿಟ್ಟ. ಅವನ ಮೇಲೂ ಸಿಟ್ಟು ಬಂತು. ಮನೆಯಲ್ಲಿ ಕಾಲು ಚಾಚಿ ರೇಡಿಯೋ ಕೇಳುವವನಿಗೆ ಹೇಳಲು ಏನು. ಆದರೆ ಅವನ ಮಾತು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು, ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಉಗ್ರಾಣದಲ್ಲಿ ಗಡ್ಡ ಮುರಿದ ಕುರ್ಚಿಯೊಂದರ ಮೇಲೆ ಕೂತು ಕ್ಲಾರಿನೆಟ್ಟಿನ ಬಿರುಕಿಗೆ ಅಂಟುಪಟ್ಟಿ ಸುತ್ತುತ್ತಿದ್ದ. ಬಿರುಕು ಮೇಲಿನಿಂದ ನಾಲ್ಕನೇ ತೂತಿನವರೆಗೆ ಇಳಿದಿತ್ತು. ಗಡಿಯಾರ ಬಾಗಿಲಲ್ಲಿ ನಿಂತು ಹೇಳುತ್ತಿದ್ದ: "ನಿಮ್ಮ ವಾದ್ಯ, ನಿಮ್ಮ ಜವಾಬ್ದಾರಿ. ಊದಿ ಅಂತ ನಾನು ನಿಮ್ಮ ಬಾಯಿಗೆ ತುರುಕಿದ್ನಾ? ನಿಮ್ಮ ಮುಂದೇ ಓಬೋದವನು ಊದಿದ, ಅವನದ್ದು ಒಡೀತಾ?"

ಗಡ್ಡ ತಲೆಯೆತ್ತಿ ನನ್ನನ್ನು ನೋಡಿದ. ಅವನ ಮುಂದಿನ ಸಾಲಿನಲ್ಲೇ ನಾನು ಕೂತಿದ್ದದ್ದು; ನಾನು ಒಂದು ಸ್ವರವನ್ನೂ ಊದಿಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೇಳುತ್ತಾನೇನೋ ಅಂತ ಕಾದೆ. ಅವನು ಮತ್ತೆ ಅಂಟುಪಟ್ಟಿ ಸುತ್ತತೊಡಗಿದ.

ವಿರಾಮದ ಮೇಲೆ ನನ್ನ ಓಬೋ ಬೆಚ್ಚಗಾಗಿತ್ತು. ಊದಿದೆ. ಸಿಟ್ಟಿನಿಂದ ಊದಿದರೆ ಓಬೋ ಬಾತುಕೋಳಿಯ ಹಾಗೆ ಅರಚುತ್ತದೆ. ಎರಡು ಸಲ ಅರಚಿತು. ದೊಡ್ಡಕ್ಕ ಹಲ್ಲಿನ ಸಂದಿಯಿಂದ, "ಮೊದಲರ್ಧವೇ ಚೆನ್ನಾಗಿತ್ತು," ಅಂದಳು.

ಐದೂವರೆಗೆ ಬಸ್ಸು ಹತ್ತಿದೆವು. ಈ ಸಲ ನಾನು ಓಬೋವನ್ನು ಟ್ರಕ್ಕಿಗೆ ಕೊಡಲಿಲ್ಲ, ಕೋಟಿನೊಳಗಿತ್ತು. ಎಲ್ಲರೂ ಕೂತ ಮೇಲೆ ಗಡಿಯಾರ ಸೀಟುಗಳ ನಡುವೆ ನಡೆದು ನನ್ನ ಹತ್ತಿರ ಬಂದ. ಕೈಯಲ್ಲಿ ಕಾಗದ, ಪೆನ್ನು. ಮುಖದಲ್ಲಿ ನನಗೆ ಪರಿಚಯವಿಲ್ಲದ ನಗು.

"ಏನಪ್ಪಾ ಅದೃಷ್ಟ ನಿಂದು! ಮೂವರೂ ಸಹಿ ಹಾಕಿದ್ದೀವಿ. ಸಾಹೇಬ್ರು ಏನು ಬರೆದಿದ್ದಾರೆ ಕೇಳು." ಎಲ್ಲರಿಗೂ ಕೇಳುವ ಹಾಗೆ ಓದಿದ. "'ಮೊದಲರ್ಧದಲ್ಲಿ ಇವರ ಸಂಯಮ ಮೆಚ್ಚತಕ್ಕದ್ದು. ಒಂಟಿ ಸಾಲು ಆರು ತಿಂಗಳಲ್ಲೇ ಅತ್ಯುತ್ತಮ.' ಸಹಿ ಮಾಡು. ಕಾಯಂ ಆದೆ. ನೋಡಿದ್ಯಾ? ಬೆಳಿಗ್ಗೆಯಿಂದ ಕಟ್ಟಿಗೆ ಒಡೆಯುತ್ತೆ ಕಟ್ಟಿಗೆ ಒಡೆಯುತ್ತೆ ಅಂತ ಬಡ್ಕೊಂಡೆ. ಏನಾಯ್ತು? ಊದಿದೆ, ಚೆನ್ನಾಗೇ ಊದಿದೆ."

ಕೆಲವರು ಚಪ್ಪಾಳೆ ತಟ್ಟಿದರು. ಪೆನ್ನು ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ದೊಡ್ಡಕ್ಕ ಕಣ್ಣು ಮುಚ್ಚಿಕೊಂಡೇ, ತುಟಿ ಅಲುಗದ ಹಾಗೆ ಅಂದಳು: "ಸಹಿ ಹಾಕು. ಬಾಯಿ ಬಿಟ್ಟರೆ ಕೊಂದುಬಿಡ್ತೀನಿ."

ಹಾಕುತ್ತಿದ್ದೆ. ದೇವರಾಣೆ ಹಾಕುತ್ತಿದ್ದೆ. ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡಿ ಮಾಡಿ ಅಮ್ಮನ ಮಣಿಕಟ್ಟು ಊದಿದೆ. ಆ ಕಾಗದ ನನಗೆ ಬೇಕಿತ್ತು, ಅನ್ನ ಬೇಕಾದ ಹಾಗೆ ಬೇಕಿತ್ತು. ಆದರೆ ಗಡಿಯಾರ ಅಷ್ಟಕ್ಕೆ ನಿಲ್ಲಿಸಲಿಲ್ಲ. ಹಿಂದಿನ ಸೀಟಿನಲ್ಲಿ ಕ್ಲಾರಿನೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ಗಡ್ಡನ ಕಡೆ ಗಲ್ಲ ಎತ್ತಿ, "ಕೈ ಬರದವರ ವಾದ್ಯ ಒಡೆಯುತ್ತೆ," ಅಂದ.

"ಮೊದಲರ್ಧ ನಾನು ಒಂದು ಸ್ವರವನ್ನೂ ಊದಿಲ್ಲ," ಅಂದೆ.

ಗಡಿಯಾರನ ನಗು ನಿಂತಿತು.

"ಏನು?"

"ಊದಿಲ್ಲ. ಬೆರಳು ಆಡಿಸ್ತಾ ಕೂತಿದ್ದೆ. ಊದಿದ್ದಿದ್ರೆ ಇವರದ್ದರ ಹಾಗೇ ಒಡೀತಿತ್ತು. ಆ ಸಾಲು ಊದಿದ್ದು ದೊಡ್ಡಕ್ಕ. ಸಂಯಮ ಅಂತೆ ಸಂಯಮ. ಸತ್ತವರಿಗೂ ಅಷ್ಟು ಸಂಯಮ ಇರುತ್ತೆ!"

ಗಡಿಯಾರ ಬಗ್ಗಿ ಪಿಸುಗುಟ್ಟಿದ. "ಆಯ್ತಪ್ಪ, ಊದಿಲ್ಲ. ನನಗೇನು? ಮೂರಕ್ಕೆ ಶುರುವಾಯ್ತು, ಐದಕ್ಕೆ ಮುಗೀತು. ರೇಡಿಯೋದವರು ಖುಷಿ. ಸುಮ್ಮನೆ ಸಹಿ ಹಾಕು."

ಅವನ ಮಟ್ಟಿಗೆ ವಿಷಯ ಅಷ್ಟೇ. ನಿಜ ಅನ್ನುವುದು ಅವನ ವೇಳಾಪಟ್ಟಿಯಲ್ಲಿ ಇಲ್ಲ. ನಾನು ಬಾಯಿ ಬಿಡುವಾಗ ಮರೆತದ್ದು ಇನ್ನೊಬ್ಬರನ್ನು. ಮುಂದಿನ ಸೀಟಿನಲ್ಲಿ ಕಂಬಳಿ ಅಲುಗಿತು. ಕೋಲುಸಾಹೇಬರು ಎದ್ದು ತಿರುಗಲಿಲ್ಲ. ಬೋಳುತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು, ಅದು ನಿಧಾನಕ್ಕೆ ಕೆಂಪಾಯಿತು. ಐವತ್ತು ಜನರೆದುರು ಅವರ ಕಿವಿಯ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

"ಆ ಕಾಗದ ವಾಪಸ್ ತಗೊಳ್ಳಿ," ಅಂದರು, ಕಿಟಕಿಯ ಕಡೆಗೆ. "ಇನ್ನೂ ಆರು ತಿಂಗಳು ಕೇಳಿ ನೋಡೋಣ."

ಗಡಿಯಾರ ನನ್ನ ಬೆರಳ ನಡುವಿನಿಂದ ಪೆನ್ನು ಕಿತ್ತುಕೊಂಡ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟು, ಮುಂದೆ ಬಾಗಿಲ ಕಡೆ ಹೋದ. ಬಸ್ಸಿನಲ್ಲಿ ಗೊಣಗಾಟ ಎದ್ದಿತು: ಗಡಿಯಾರನ ಮೇಲಲ್ಲ, ನನ್ನ ಮೇಲೆ. "ಬಾಯಿ ಮುಚ್ಚಿದ್ರೆ ಇವನಪ್ಪನ ಗಂಟೇನು ಹೋಗ್ತಿತ್ತು?" "ಈಗ ಎಲ್ಲರ ಮೇಲೂ ಸಾಹೇಬ್ರ ಕಣ್ಣು." ಒಬ್ಬ ಪಿಟೀಲಿನವನು, "ಓದದವರ ಹಣೆಬರಹವೇ ಇಷ್ಟು," ಅಂದ. ಅವನು ಯಾರು ಅಂತ ನೋಡಿ ಇಟ್ಟುಕೊಂಡೆ.

ದೊಡ್ಡಕ್ಕ ಕಣ್ಣು ತೆರೆದಳು. "ಮೂವತ್ತು ವರ್ಷದಲ್ಲಿ ಯಾರಿಗೂ ಒಂದು ಸ್ವರ ಕೊಟ್ಟವಳಲ್ಲ ನಾನು," ಅಂದಳು. "ನಿನಗೆ ಒಂದು ಸಾಲು ಕೊಟ್ಟೆ. ಬೀದಿಗೆ ಎಸೆದೆಯಲ್ಲೋ ಕತ್ತೆ."

"ನಾನು ಕೇಳಿದ್ನಾ?"

"ಕೇಳೋ ಮುಖ ಇತ್ತಾ ನಿನಗೆ? ಉಸಿರು ಎಳ್ಕೊಂಡೆ ನೀನು. ಕೇಳಿಸ್ತು ನನಗೆ. ಮುಟ್ಠಾಳ, ಊದೇಬಿಡ್ತಿದ್ದೆ."

"ಹೌದು, ಊದ್ತಿದ್ದೆ."

"ಅದಕ್ಕೇ ಹೇಳಿದ್ದು ಮುಟ್ಠಾಳ ಅಂತ."

ಚಾಲಕ ಇಂಜಿನ್ ಶುರು ಮಾಡಿದ. ಆಗ ಹಿಂದಿನ ಸೀಟಿನಿಂದ ಗಡ್ಡ ಎದ್ದು ನಿಂತ. ಅವನ ಮುಖ ಬಿಳಿಚಿತ್ತು. ಅಂಟುಪಟ್ಟಿ ಸುತ್ತಿದ ಕ್ಲಾರಿನೆಟ್ಟನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದಿದ್ದ.

"ಸಾರ್. ನಂದು ಒಡೆದಿದ್ದು ಟ್ರಕ್ಕಿನಿಂದ," ಅಂದ. "ಅದನ್ನ ಬರ್ಕೊಳ್ಳಿ."

"ಊರಿಗೆ ಹೋದ್ಮೇಲೆ ನೋಡೋಣ. ಕೂತ್ಕೊಳ್ಳಿ."

"ಇಲ್ಲ ಸಾರ್. ಈಗ ಬರ್ಕೊಳ್ಳಿ."

"ಕೂತ್ಕೊಳ್ರೀ!"

"ಎಲ್ಲರೂ ಕೂತರೇನೇ ಗಾಡಿ ಎತ್ತೋದು," ಅಂತ ಚಾಲಕ ಕನ್ನಡಿಯಲ್ಲಿ ನೋಡುತ್ತ ಹೇಳಿದ. ಅವನಿಗೆ ನಮ್ಮ ಯಾವ ಜಗಳವೂ ಬೇಕಿರಲಿಲ್ಲ. "ನಿಂತವರಿದ್ರೆ ನನ್ನ ಲೈಸೆನ್ಸಿಗೆ ಬರುತ್ತೆ."

ಗಡ್ಡ ಒಂದು ಕೈ ಬಿಟ್ಟು ಸೀಟಿನ ಬೆನ್ನು ಹಿಡಿದುಕೊಂಡ. ಮಧ್ಯಾಹ್ನ ಕಾರಿಡಾರಿನಲ್ಲಿ ಇದೇ ಮನುಷ್ಯ ನೆಲ ನೋಡುತ್ತ ನಿಂತಿದ್ದ. ಇನ್ನರ್ಧ ನಿಮಿಷ ಬಿಟ್ಟರೆ ಕೂತುಬಿಡುತ್ತಾನೆ, ಕ್ಷಮೆಯನ್ನೂ ಕೇಳುತ್ತಾನೆ. ಅವನ ಮೇಲೆ ನನಗೆ ಪ್ರೀತಿಯೇನೂ ಉಕ್ಕಲಿಲ್ಲ. ನಾನೂ ಎದ್ದು ನಿಂತೆ.

"ಬರ್ಕೊಳ್ಳಿ," ಅಂದೆ.

ಗಡಿಯಾರ ಕೈಗಡಿಯಾರ ನೋಡಿದ. ಅವನ ಬಾಯಿಂದ ಹೊತ್ತು ಹೊರಬರಲಿಲ್ಲ, ಇದೇ ಮೊದಲ ಸಲ. ಇಂಜಿನ್ನು ಗಡಗಡ ನಡುಗುತ್ತಿತ್ತು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ಏಳಲಿಲ್ಲ. ನಾನು ದೊಡ್ಡಕ್ಕನ ಕಡೆ ನೋಡಿದೆ.

"ನನ್ನ ನೋಡಬೇಡ," ಅಂದಳು. "ಮಂಡಿ ನೋವು ನನಗೆ. ಇಲ್ಲದಿದ್ರೂ ಏಳ್ತಿರಲಿಲ್ಲ."

ಹಾಗಂದವಳು ಕಾಲು ಚಾಚಿ, ಸೀಟುಗಳ ನಡುವಿನ ದಾರಿಗೆ ಅಡ್ಡ ಹಾಕಿ, ಮತ್ತೆ ಕಣ್ಣು ಮುಚ್ಚಿದಳು. ಗಡಿಯಾರ ನಮ್ಮಿಬ್ಬರನ್ನು ಕೂರಿಸಲು ಹಿಂದಕ್ಕೆ ಬರಬೇಕಾದರೆ ಅದನ್ನು ದಾಟಿ ಬರಬೇಕಿತ್ತು. ಚಾಲಕ ಇಂಜಿನ್ ಆರಿಸಿದ.